ಕರಿ ಮಣ್ಣಿನ ಮೇಲೆ ಕರಿ ಕುರಿ

ಮಸರಕಲ್ಲಿನ ಸೀಮೆಯಲ್ಲಿ ಯುದ್ಧವಿಮಾನವೊಂದು ಖಾಲಿ ಹೊಲದಲ್ಲಿ ಬಿದ್ದಿತೆಂದು ಪತ್ರಿಕೆಯೊಂದು ಬರೆಯಿತು. ಆ ಪತ್ರಿಕೆಯನ್ನು ನಾನು ಅಂದಿನಿಂದ ಇಂದಿನವರೆಗೆ ಕೊಂಡಿಲ್ಲ. ರಾಯಚೂರಿನ ಬಸ್ಸಿನಲ್ಲಿ ಪಕ್ಕದವರು ಓದಿ ಮುಗಿಸಿ ಸೌಜನ್ಯದಿಂದ ನನ್ನ ಕಡೆ ಚಾಚಿದಾಗಲೂ ಬೇಡವೆಂದಿದ್ದೇನೆ. ಹೊಲ ಖಾಲಿ ಇರಲಿಲ್ಲ. ಈ ಮಾತನ್ನು ನಾನು ಆಗಲೇ ಹೇಳಬೇಕಾದವರಿಗೆಲ್ಲ ಹೇಳಿದ್ದೆ, ಕೇಳಬೇಕಾದವರು ಕೇಳಲಿಲ್ಲ. ಈಗ ಅವರಲ್ಲಿ ಹೆಚ್ಚಿನವರು ಉಳಿದಿಲ್ಲ. ನಾನು ಉಳಿದಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ನಾನು ದೇವದುರ್ಗದ ಸುತ್ತಿನ ಹಳ್ಳಿಗಳಲ್ಲಿ ಭೂಮಾಪಕನಾಗಿದ್ದೆ. ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ. ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ ಶಾಲೆಗೆ ಸೇರಿದವನಾದ್ದರಿಂದ ಅಕ್ಷರವನ್ನು ಮೊದಲು ಉರ್ದುವಿನಲ್ಲಿ ಕಲಿತೆ, ಕನ್ನಡದ ಕಾಗುಣಿತ ಆಮೇಲೆ ಬಂತು. ಕಚೇರಿಯಲ್ಲಿ ಈ ಸಂಗತಿಯನ್ನು ಹಾಸ್ಯಕ್ಕೆ ಬಳಸಿಕೊಳ್ಳದವರು ಕಡಿಮೆ. ಯಾರು ಯಾವಾಗ ಏನೆಂದರೆಂಬುದು ನನಗೆ ನೆನಪಿದೆ, ಇಲ್ಲಿ ಅದು ಬೇಡ. ಆ ಉರ್ದು ಒಂದು ದಿನ ಕೆಲಸಕ್ಕೆ ಬಂತು ಎನ್ನುವುದಷ್ಟೇ ಇಲ್ಲಿಗೆ ಸಂಬಂಧಿಸಿದ ಮಾತು.

ದೀಪಾವಳಿ ಕಳೆದು ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು. ಅಣ್ಣತಮ್ಮಂದಿರ ಜಗಳದ ಹೊಲವೊಂದನ್ನು ಅಳೆಯಲು ನಾನು ಬೆಳಿಗ್ಗೆಯೇ ಹೋಗಿದ್ದೆ. ಅಳತೆಯ ಸರಪಳಿಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಸಹಾಯಕನ ಕೈಯಲ್ಲಿ. ಈ ಕೆಲಸದಲ್ಲಿ ಒಂದೇ ಒಂದು ಕಟ್ಟಳೆ ಇದೆ: ಏನೇ ಆಗಲಿ ತುದಿಯನ್ನು ಬಿಡಬಾರದು. ಒಮ್ಮೆ ಬಿಟ್ಟರೆ ಹಿಂದಿನ ಗೂಟದವರೆಗೆ ನಡೆದುಹೋಗಿ ಮತ್ತೆ ಅಳೆಯಬೇಕು. ಹಾವು ಅಡ್ಡ ಬಂದಾಗಲೂ ನಾನು ಬಿಟ್ಟವನಲ್ಲ.

ನಾವಿದ್ದ ಹೊಲಕ್ಕೂ ಆಚೆಯ ಬೀಳು ಹೊಲಕ್ಕೂ ನಡುವೆ ಹುಣಸೆ ಮರಗಳ ಒಂದು ಸಾಲು, ಬೀಳಿನ ಆಚೆಯ ಅಂಚಿಗೆ ಎತ್ತರದ ಒಂದು ಒಡ್ಡು. ಆ ಬೀಳಿನಲ್ಲಿ ಒಬ್ಬ ಕುರುಬ ತನ್ನ ಹಿಂಡನ್ನು ಮೇಯಿಸುತ್ತಿದ್ದ. ಕವಿತಾಳದ ಕಡೆಯವನು, ಮೂವತ್ತು ದಾಟಿದ ಗಟ್ಟಿ ಆಳು. ಕೆಲವು ಮನೆಗಳು ಸೇರಿ ಮಾಡಿದ ಕೂಡು ಹಿಂಡು ಅದು. ಹಿಂಡಿನ ಹಿಂದೆ ಕೋಲು ಹಿಡಿದು ಹೋಗುವ ಹಕ್ಕು ಒಬ್ಬನದು, ಆ ಹಕ್ಕನ್ನು ಮನೆಗಳವರು ಸೇರಿ ಕೊಡುತ್ತಾರೆ, ಬೇಡವಾದಾಗ ಸೇರಿಯೇ ಕಸಿಯುತ್ತಾರೆ. ಅವನನ್ನು ನಾನು ಮೊದಲೇ ಬಲ್ಲೆ. ರಾತ್ರಿ ಗೊಬ್ಬರಕ್ಕೆಂದು ಹೊಲಗಳಲ್ಲಿ ಕುರಿ ತರುಬುವಾಗ ನನ್ನ ಗಡಿಗಲ್ಲುಗಳನ್ನು ಕುರಿಗಳು ಕೆಡವದಂತೆ ಅವನು ನೋಡಿಕೊಳ್ಳುತ್ತಿದ್ದ. ನನ್ನನ್ನು ‘ಸರಪಳಿ ಸಾಹೇಬ್ರ’ ಎಂದು ಕರೆಯುತ್ತಿದ್ದ; ಅದರಲ್ಲಿ ವ್ಯಂಗ್ಯವಿಲ್ಲವೆಂದು ನಾನು ಪರೀಕ್ಷಿಸಿ ಖಚಿತಪಡಿಸಿಕೊಂಡಿದ್ದೆ.

ಯುದ್ಧವಿಮಾನಗಳು ಆಗಾಗ ನಮ್ಮ ತಲೆಯ ಮೇಲೆ ಹಾರುತ್ತಿದ್ದವು. ಅವುಗಳ ಸದ್ದು ಅವು ಹೋದಮೇಲೆ ಬರುತ್ತಿತ್ತು. ಆ ದಿನ ಮಾತ್ರ ಸದ್ದು ಮೊದಲು ಬಂತು, ಬಂದದ್ದು ಅರ್ಧದಲ್ಲೇ ನಿಂತುಹೋಯಿತು. ಆಮೇಲೆ ಗಾಳಿಯನ್ನು ಹರಿಯುವಂಥ ಒಂದು ಸಿಳ್ಳು. ಹುಣಸೆ ಸಾಲಿನ ಆಚೆ ನೆಲ ಗುದ್ದಿತು, ಮರಗಳ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು, ಕಪ್ಪು ಹೊಗೆ ಏರಿತು. ನನ್ನ ಸಹಾಯಕ ಸರಪಳಿ ಎಸೆದು ಓಡಿದ. ನಾನು ಅವನ ಬೆನ್ನ ಹಿಂದೆ ಏನೆಂದು ಕೂಗಿದೆನೆಂದರೆ, ಅಳತೆ ಹೋಯಿತಲ್ಲೋ ಎಂದು. ಆಕಾಶದಲ್ಲಿ ಒಂದು ಕೊಡೆ ಬಿಚ್ಚಿ ಅದರ ಕೆಳಗೆ ಒಬ್ಬ ಮನುಷ್ಯ ತೂಗುತ್ತಾ ಇಳಿಯುವುದನ್ನು ಕಂಡಾಗಲೇ ನಾನೂ ಓಡಿದ್ದು.

ಬೀಳಿನಲ್ಲಿ ಕಂಡದ್ದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಹಿಂಡಿನಲ್ಲಿ ಉಳಿದದ್ದು ಅಂಚಿನ ಕೆಲವೇ ಕುರಿಗಳು. ಅವು ಹೊಗೆಗೆ ಬೆನ್ನು ಹಾಕಿ ಒಂದಕ್ಕೊಂದು ತಲೆ ತೂರಿಸಿ ನಿಂತಿದ್ದವು. ಕುರುಬನ ಕಂಬಳಿ ಒಡ್ಡಿನ ಈಚೆ, ಹಿಂಡಿದ್ದ ಕಡೆ ಬಿದ್ದಿತ್ತು. ಕುರುಬ ಒಡ್ಡಿನ ಆಚೆ ಬಿದ್ದಿದ್ದ. ಪ್ರಜ್ಞೆ ಇತ್ತು, ಕಿವಿ ಕೇಳುತ್ತಿರಲಿಲ್ಲ. ನಾವು ಅವನನ್ನು ಕೂಡಿಸಿದಾಗ ಅವನ ಮೊದಲ ಕೆಲಸ ಕೈಯಿಂದ ನೆಲ ತಡವಿ ಕೋಲನ್ನು ಹುಡುಕಿದ್ದು.

ಕಂಬಳಿ ಈಚೆ, ಮನುಷ್ಯ ಆಚೆ: ಅವನ ಬದುಕಿಗೆ ತೊಡಕಾದದ್ದು ಇಷ್ಟೇ. ರಸ್ತೆಯಲ್ಲಿ ನಿಂತ ಬಸ್ಸಿನಿಂದ ಇಳಿದು ಬಂದವರು ಅವನನ್ನು ಒಡ್ಡಿನ ಆಚೆ ನೋಡಿದರು, ಮತ್ತು ಅವನು ಹಿಂಡನ್ನು ಬಿಟ್ಟು ಒಡ್ಡು ಹಾರಿ ಓಡಿದನೆಂದು ತೀರ್ಮಾನಿಸಿದರು. ಬಸ್ಸಿನವರ ಮಾತು ಬಸ್ಸಿಗಿಂತ ಮೊದಲೇ ಕವಿತಾಳ ತಲುಪಿತು. ಹಿಂಡಿನ ಪಾಲುದಾರನೂ ಸಂಬಂಧದಲ್ಲಿ ದಾಯಾದಿಯೂ ಆದವನೊಬ್ಬ ಸೈಕಲ್ಲಿನ ಮೇಲೆ ಬಂದು, ಸತ್ತ ಕುರಿಗಳ ನಡುವೆ ಒಮ್ಮೆ ಸುತ್ತಿ, ನೇರವಾಗಿ ಕುರುಬನ ಮುಂದೆ ನಿಂತು ಅವನ ಕೈಯಿಂದ ಕೋಲನ್ನು ಕಿತ್ತುಕೊಂಡ. ನಾನು ಅಲ್ಲೇ ಇದ್ದೆ. ಅವನೆಂದ ಮಾತು ಇದು:

“ಜೀವ ಉಳಿಸ್ಕೊಂಡಿ, ಭೇಷ್. ಇನ್ನ ಶಕ್ತಿನಗರಕ್ಕ ಹೋಗಿ ಕಲ್ಲು ಹೊರು. ಅಲ್ಲಿ ಓಡಿ ಹೋದ್ರ ಯಾರೂ ಕೇಳಂಗಿಲ್ಲ.”

ಶಕ್ತಿನಗರದಲ್ಲಿ ಆಗ ವಿದ್ಯುತ್ ಸ್ಥಾವರ ಏಳುತ್ತಿತ್ತು. ಗುತ್ತಿಗೆ ಕೂಲಿಗೆ ನಮ್ಮ ಕಡೆಯ ಹಳ್ಳಿಗಳ ಜನ ಲಾರಿಗಟ್ಟಲೆ ಹೋಗುತ್ತಿದ್ದರು. ಕುರುಬನಿಗೆ ಈ ಮಾತು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಖಾಲಿ ಕೈಯನ್ನು ಮಾತ್ರ ಅವನು ಬಹಳ ಹೊತ್ತು ನೋಡಿಕೊಂಡ.

ವಿಮಾನ ಓಡಿಸಿದವನು ಜೋಳದ ಹೊಲದಲ್ಲಿ ಇಳಿದಿದ್ದ. ಪಾದದ ಎಲುಬು ಮುರಿದಿತ್ತು. ಅವನನ್ನು ಗಾಡಿಯಲ್ಲಿ ಮೇವು ಹಾಸಿ ದೇವದುರ್ಗದ ಮುಸಾಫಿರ್ ಬಂಗಲೆಗೆ ತಂದರು. ವೈದ್ಯರು ಕಾಲಿಗೆ ಪಟ್ಟಿ ಕಟ್ಟಿದರು. ಅವನ ಇಲಾಖೆಯ ವಾಹನ ರಾಯಚೂರಿನ ಮೇಲೆ ಬರಬೇಕಾಗಿತ್ತು, ಸಂಜೆಯವರೆಗೆ ಕಾಯಬೇಕು. ಅಷ್ಟರಲ್ಲಿ ನಮ್ಮ ಕಚೇರಿಯ ಹಿರಿಯ ಅಧಿಕಾರಿ ಬಂಗಲೆಗೆ ಬಂದು ಕುಳಿತರು. ಅವರು ದಕ್ಷಿಣದ ಜಿಲ್ಲೆಗಳವರು. ರಾಯಚೂರಿನ ಬಿಸಿಲನ್ನೂ ಅಲ್ಲಿ ಹುಟ್ಟಿದವರನ್ನೂ ಒಂದೇ ಮುಖದಿಂದ ನೋಡುವವರು. ಎಲ್ಲರಿಗೂ ಚಹಾ ತರಿಸಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಚಹಾದ ತಟ್ಟೆ ನನ್ನ ಮುಂದೆ ಹಾದು ಅವರ ಜೀಪಿನ ಚಾಲಕನಿಗೆ ಹೋಯಿತು.

ವಿಮಾನದವನು ಉತ್ತರದವನು, ಹುಡುಗುತನ ಇನ್ನೂ ಮುಖ ಬಿಟ್ಟಿರಲಿಲ್ಲ. ನೋವಿಗಿಂತ ಬೇರೆ ಯಾವುದೋ ಅವನನ್ನು ಕಾಡುತ್ತಿತ್ತು. ಎದುರಿಗೆ ಯಾರೇ ಬಂದರೂ ಒಂದೇ ಪ್ರಶ್ನೆ ಕೇಳುತ್ತಿದ್ದ: “ವೋ ಖೇತ್ ಖಾಲಿ ಥಾ ನ?” ಆ ಹೊಲ ಖಾಲಿ ಇತ್ತು ತಾನೆ, ಎಂದು. ನಮ್ಮ ಅಧಿಕಾರಿಗಳು ‘ಖಾಲಿ’ ಎಂಬ ಒಂದು ಮಾತನ್ನಷ್ಟೇ ಹಿಡಿದು, ತಮ್ಮ ಇಂಗ್ಲಿಷಿನಲ್ಲಿ ಪೂರ್ತಿ ಖಾಲಿ, ಚಿಂತೆ ಬೇಡ ಎಂದು ಸಮಾಧಾನ ಹೇಳುತ್ತಿದ್ದರು.

ಆ ಹೊತ್ತಿಗೆ ಕುರುಬ ಬಂಗಲೆಯ ಮೆಟ್ಟಿಲ ಬಳಿ ಬಂದು ಕುಳಿತ. ಮೈಮೇಲೆ ಬೂದಿ, ಕೈಯಲ್ಲಿ ಕೋಲಿಲ್ಲ. ಕಿವಿ ಅರ್ಧ ಮರಳಿತ್ತು. ತನ್ನ ದನಿ ತನಗೆ ಕೇಳದವರಂತೆ ಗಟ್ಟಿಯಾಗಿ ಮಾತನಾಡುತ್ತಿದ್ದ. ನನ್ನನ್ನು ಕಂಡು ಎದ್ದು ಬಂದ.

“ಸರಪಳಿ ಸಾಹೇಬ್ರ, ಮ್ಯಾಲಿದ್ದಾಂವ ಅವ ಒಬ್ಬನ. ನಾ ಓಡಿದ್ನೋ, ನಿಂತಿದ್ನೋ, ಅವ್ಗ ಕಂಡಿರಬೇಕು. ಅಷ್ಟ ಕೇಳ್ರಿ. ಮತ್ತೇನೂ ಬ್ಯಾಡ.”

ಹಿಂಡು ಹೋಗಿತ್ತು, ಅದನ್ನು ಯಾರೂ ತಿರುಗಿ ಕೊಡುವಂತಿರಲಿಲ್ಲ. ಅವನು ಉಳಿಸಿಕೊಳ್ಳಬೇಕಾಗಿದ್ದದ್ದು ಕೋಲಿನ ಹಕ್ಕು. ಹಿಂಡನ್ನು ಬಿಟ್ಟು ಓಡಿದವನೆಂದು ಹೆಸರಾದರೆ ಆ ಸೀಮೆಯ ಯಾವ ಮನೆಯೂ ಅವನಿಗೆ ಒಂದು ಮರಿಯನ್ನೂ ಒಪ್ಪಿಸುವುದಿಲ್ಲ. ಮೂರು ದಿನದಲ್ಲಿ ಹಿರಿಯರು ಕಂಬಳಿ ಹಾಸುವವರಿದ್ದರು. ಆ ಜನರಲ್ಲಿ ತಕರಾರು ತೀರಿಸುವಾಗ ಕಂಬಳಿ ಹಾಸಿ ದೇವರ ಅರಿಸಿನದ ಭಂಡಾರ ಚೆಲ್ಲುತ್ತಾರೆ. ಅದರ ಮೇಲೆ ಕುಳಿತವನು ಸುಳ್ಳಾಡಬಾರದು.

ನಾನು ಒಳಗೆ ಹೋಗಿ, ಇವರನ್ನು ಒಂದು ಮಾತು ಕೇಳುವುದಿದೆ ಎಂದು ಅಧಿಕಾರಿಗಳಿಗೆ ವಿನಯದಿಂದಲೇ ಹೇಳಿದೆ. ಅವರು ವೈದ್ಯರ, ಬಂಗಲೆಯ ಸಿಬ್ಬಂದಿಯ, ಜೀಪಿನ ಚಾಲಕನ ಎದುರಿಗೆ ಹೇಳಿದರು: “ನೀವು ಸರಪಳಿ ಎಳೆಯೋರು. ಅದನ್ನ ಎಳೀರಿ, ಸಾಕು. ಕೇಳೋಕೆ ಬೇರೆಯವರಿದ್ದಾರೆ.”

ಅದೇ ಕ್ಷಣಕ್ಕೆ ವಿಮಾನದವನು ಮತ್ತೆ ತನ್ನ ಪ್ರಶ್ನೆಯನ್ನು, ಈ ಸಲ ನನ್ನ ಮುಖ ನೋಡಿಯೇ ಕೇಳಿದ. ಕೇಳಿದವನಿಗೆ ಉತ್ತರ ಕೊಡುವುದು ಮರ್ಯಾದೆ. ನಾನು ಉರ್ದುವಿನಲ್ಲಿ, ಜನಾಬ್, ಹೊಲ ಖಾಲಿ ಇರಲಿಲ್ಲ, ಅಲ್ಲಿ ಕುರಿಯ ಹಿಂಡಿತ್ತು, ಹಿಂಡು ಕಾಯುವವನು ಹೊರಗೆ ಕುಳಿತಿದ್ದಾನೆ ಎಂದೆ. ಅಧಿಕಾರಿಗಳಿಗೆ ಭಾಷೆ ಅರ್ಥವಾಗಲಿಲ್ಲ, ವಿಮಾನದವನ ಮುಖ ಅರ್ಥವಾಯಿತು. ಅವರು ನನ್ನನ್ನು ಹೊರಗೆ ಕಳಿಸಲು ಕೈ ಎತ್ತಿದರು. ವಿಮಾನದವನು ಅವರನ್ನು ತಡೆದು, ಆ ಮನುಷ್ಯನನ್ನು ಒಳಗೆ ಕರೆಯಿರಿ ಎಂದ.

ಕುರುಬ ಒಳಗೆ ಬಂದು ನೆಲದ ಮೇಲೆ ಕುಳಿತ. ವಿಮಾನದವನು ಮಂಚದಿಂದ ಜಾರಿ, ಪಟ್ಟಿ ಕಟ್ಟಿದ ಕಾಲನ್ನು ಚಾಚಿ ತಾನೂ ನೆಲಕ್ಕೇ ಇಳಿಯಲು ನೋಡಿದ, ವೈದ್ಯರು ಬಿಡಲಿಲ್ಲ. ಆಮೇಲೆ ಅವನು ಹೇಳಿದ್ದನ್ನು ನಾನು ವಾಕ್ಯ ವಾಕ್ಯವಾಗಿ ಕನ್ನಡಿಸಿದೆ. ನನ್ನ ವೃತ್ತಿಯಲ್ಲಿ ನಾನು ನೆಲವನ್ನು ಎಷ್ಟೋ ಅಳೆದಿದ್ದೇನೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನೊಳಗೆ ಅಷ್ಟೆಲ್ಲ ಹಿಡಿಸುತ್ತದೆಂದು ಆ ದಿನದವರೆಗೆ ತಿಳಿದಿರಲಿಲ್ಲ. ನನ್ನ ಕುತೂಹಲ ಎಷ್ಟಿತ್ತೆಂದರೆ, ಅವಮಾನವನ್ನು ಆ ಹೊತ್ತಿಗೆ ಬದಿಗಿಟ್ಟು ಕೇಳುತ್ತ ಹೋದೆ.

ಹಳ್ಳದ ಬದಿಯಲ್ಲಿ ಸತ್ತ ದನಗಳನ್ನು ಎಳೆದುಹಾಕುವ ಜಾಗದಿಂದ ರಣಹದ್ದೊಂದು ಏರಿ ಯಂತ್ರದೊಳಗೆ ಹೋಗಿತ್ತು. ಯಂತ್ರ ನಿಂತಿತು. ಅವನು ಎತ್ತರದಲ್ಲಿರಲಿಲ್ಲ. ಮುಂದೆ ನೇರಕ್ಕೆ ಊರು. ಶಾಲೆಯ ತಗಡಿನ ಸೂರು ಬಿಸಿಲಿಗೆ ಹೊಳೆಯುತ್ತಿತ್ತು. ಎಡಕ್ಕೆ ಒಣಹುಲ್ಲಿನ ಬಿಳಿಚಿದ ಬಯಲು, ಅದರ ನಡುವೆ ಒಂದು ಕಪ್ಪು ತುಂಡು ಕಂಡಿತು. ಹೊಸದಾಗಿ ನೇಗಿಲು ಹೊಡೆದ ಮಣ್ಣು, ಅಲ್ಲಿ ಜೀವವಿಲ್ಲ ಎಂದು ಅವನ ಕಣ್ಣು ಹೇಳಿತು. ಮೂತಿಯನ್ನು ಆ ಕಪ್ಪಿಗೆ ತಿರುಗಿಸಿ ಹಿಡಿದ. ಆಮೇಲೆ ಆಸನದ ಹಿಡಿಕೆ ಎಳೆದ. ಆಸನ ಅವನ ಸಮೇತ ಹೊರಗೆ ಸಿಡಿಯಿತು.

ಎಳೆಯಬೇಕೆಂದು ಯಾವಾಗ ನಿರ್ಧಾರ ಮಾಡಿದಿರಿ ಎಂದು ನಾನು ನನ್ನದೇ ಪ್ರಶ್ನೆಯೊಂದನ್ನು ನಡುವೆ ಸೇರಿಸಿದೆ. ಅವನು ಸ್ವಲ್ಪ ಯೋಚಿಸಿ, ನಿರ್ಧಾರವನ್ನು ತಾನು ಮಾಡಲಿಲ್ಲವೆಂದ. ತರಬೇತಿಯಲ್ಲಿ ನೆಲದ ಮೇಲಿನ ಆಸನಕ್ಕೆ ಕಟ್ಟಿ ಕೂಡಿಸಿ, ಕೈಗೆ ರೂಢಿಯಾಗುವವರೆಗೆ ಹಿಡಿಕೆ ಎಳೆಸುತ್ತಾರಂತೆ. ತಲೆಯನ್ನು ಕೇಳಲು ನಿಂತವನು ಉಳಿಯುವುದಿಲ್ಲ. ಊರನ್ನು ಬಿಟ್ಟು ತಿರುಗಿಸಿದ್ದು ತನಗೆ ನೆನಪಿದೆ, ಹಿಡಿಕೆ ಎಳೆದದ್ದು ನೆನಪಿಲ್ಲ ಎಂದ. ಊರಿನಿಂದ ಪೂರ್ತಿ ತಿರುಗುವ ಮೊದಲೇ ಎಳೆದೆನೋ ಎಂಬ ಅನುಮಾನ ಅವನನ್ನು ತಿನ್ನುತ್ತಿತ್ತು.

ನಾನು ಕುರುಬನ ಪ್ರಶ್ನೆಯನ್ನು ಮುಂದಿಟ್ಟೆ. ಈ ಮನುಷ್ಯ ಓಡಿದನೋ ನಿಂತಿದ್ದನೋ, ಕಂಡಿತೆ? ಅವನು ತಲೆಯಾಡಿಸಿದ. ಮನುಷ್ಯ ಕಾಣಲಿಲ್ಲ. ಕುರಿಯೂ ಕಾಣಲಿಲ್ಲ. ಕಪ್ಪು ಮಾತ್ರ ಕಂಡಿತು.

ಕುರುಬನಿಗೆ ಬೇಕಾದ ಉತ್ತರ ಅದಾಗಿರಲಿಲ್ಲ. ಆದರೂ ಅವನು ಎದ್ದು ಹೋಗಲಿಲ್ಲ. ಸದ್ದು ಕೇಳಿದಾಗ ತಾನೇನು ಮಾಡಿದೆನೆಂದು ವಿಮಾನದವನಿಗೆ ತೋರಿಸಬೇಕೆನ್ನಿಸಿತೇನೋ. ನಾಲಿಗೆಯನ್ನು ಅಂಗುಳಕ್ಕೊತ್ತಿ ಗಂಟಲಿನ ಆಳದಿಂದ “ಟ್ರುರ್ರ್ ಹೋ, ಟ್ರುರ್ರ್ ಹೋ” ಎಂದು ಕೂಗಿ, ಎರಡೂ ತೋಳುಗಳನ್ನು ಹೊರಗಿನಿಂದ ಒಳಕ್ಕೆ ತಂದು ಎದೆಗೆ ಅಪ್ಪಿಕೊಂಡ. ಮೇಯಲು ಹರಡಿದ ಕುರಿಗಳನ್ನು ಒಟ್ಟುಮಾಡುವ ಕೂಗು ಅದು. ತೋಳ ಬಂದರೆ, ಸಿಡಿಲು ಹೊಡೆದರೆ, ಆಲಿಕಲ್ಲು ಬಿದ್ದರೆ ಕುರುಬ ಮಾಡುವ ಮೊದಲ ಕೆಲಸ ಹಿಂಡನ್ನು ಒಂದೇ ಮುದ್ದೆ ಮಾಡುವುದು. ಒಂಟಿ ಬಿದ್ದ ಕುರಿಯನ್ನು ತೋಳ ಒಯ್ಯುತ್ತದೆ.

ವಿಮಾನದವನು ಆ ಕೂಗನ್ನು ಕೇಳಿ, ಆ ತೋಳುಗಳನ್ನು ನೋಡಿ, ತನ್ನ ಎರಡು ಮುಷ್ಟಿಗಳನ್ನು ತೊಡೆಗಳ ನಡುವೆ ಇಟ್ಟು ಮೇಲಕ್ಕೆಳೆದು ತೋರಿಸಿದ. ಕುರುಬ ಮತ್ತೆ ತೋಳು ಅಪ್ಪಿದ. ಇವನು ಮತ್ತೆ ಎಳೆದ. ಹೀಗೆ ಅವರಿಬ್ಬರು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದಾಗ ದುಭಾಷಿಯಾದ ನನ್ನ ಕಡೆ ಇಬ್ಬರೂ ನೋಡಲಿಲ್ಲ. ಇದು ನನಗೆ ಸ್ವಲ್ಪ ಚುಚ್ಚಿತೆಂಬುದನ್ನು ಮುಚ್ಚಿಡುವುದಿಲ್ಲ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಕುರುಬ ನಿಂತ. ನನಗಿಂತ ಮೊದಲೇ ಅವನಿಗೆ ಹೊಳೆದಿತ್ತು.

“ಹರವಿ ಮೇಯಾಕತ್ತಿದ್ವು, ಸಾಹೇಬ್ರ. ಹರವಿದ್ದಾಗ ಅವ್ಗ ಕರಿ ಕಾಣ್ತಿದ್ದಿಲ್ಲ. ನಾ ಕೂಡಿಸಿದ್ದಕ್ಕ ಕರಿ ಕಂಡದ. ಹಂಗಾರ ನಾನ ಕರದಂಗಾತು.”

ಅವನ ಮಾತು ಸರಿಯಾಗಿತ್ತು. ಬಿಳಿಚಿದ ಹುಲ್ಲಿನ ಮೇಲೆ ಚದುರಿದ ಕರಿ ಕುರಿಗಳು ಮೇಲಿನಿಂದ ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಆ ಚುಕ್ಕಿಗಳನ್ನು ನೋಡಿ ಯಾವನಾದರೂ ಅಲ್ಲಿ ಜೀವವಿದೆಯೆಂದು ತಿಳಿಯಬಹುದು. ಮುದ್ದೆಯಾದ ಹಿಂಡು ಉತ್ತ ನೆಲದಂತೆ ಕಾಣುತ್ತದೆ. ಒಬ್ಬನ ಕಣ್ಣು ಮಿಟುಕಿದ ಹೊತ್ತು, ಇನ್ನೊಬ್ಬನ ಗಂಟಲು ಕೂಗಿದ ಹೊತ್ತು, ಎರಡೂ ಒಂದೇ ತುಂಡು ನೆಲದ ಮೇಲೆ ಕೂಡಿದ್ದವು.

ಸಂಜೆ ವಾಯುಪಡೆಯ ಇಬ್ಬರು ಅಧಿಕಾರಿಗಳು ಬಂದರು. ನನಗೆ ಕುರ್ಚಿ ಕೊಟ್ಟರು; ಇದನ್ನೂ ನಾನು ಮರೆತಿಲ್ಲ. ನೋಡಿದವರು ಯಾರೆಂದು ಕೇಳಿದಾಗ ಕುರುಬನನ್ನು ಕರೆಸಿದೆ. ವಿಮಾನ ಊರ ಕಡೆಗೆ ನೆಟ್ಟಗೆ ಬರುತ್ತಿತ್ತು, ಒಂದು ರೆಕ್ಕೆ ಕೆಳಗಾಗಿ ತನ್ನ ಕಡೆ ಪೂರ್ತಿ ಹೊರಳಿತು, ಹೊರಳಿದ ಮೇಲೆಯೇ ಮನುಷ್ಯ ಹೊರಗೆ ಹಾರಿದ್ದು ಎಂದು ಅವನು ಹೇಳಿದ. ಕೈಯಿಂದ ರೆಕ್ಕೆಯನ್ನು ಮಾಡಿ ತೋರಿಸಿದ. ಮಂಚದ ಮೇಲಿದ್ದವನು ಕಣ್ಣು ಮುಚ್ಚಿಕೊಂಡ. ತನಗೆ ಬೇಕಾಗಿದ್ದ ಸಾಕ್ಷಿ ಸಿಗದವನು ಇನ್ನೊಬ್ಬನಿಗೆ ಸಾಕ್ಷಿ ಹೇಳಿ, ಹೊರಗೆ ಬಂದು, ಬೀಡಿ ಇದೆಯೇ ಎಂದು ಜೀಪಿನ ಚಾಲಕನನ್ನು ಕೇಳಿದ.

ಮರುದಿನ ಸ್ಥಳದ ನಕ್ಷೆ ಮಾಡುವುದು ನನ್ನ ಪಾಲಿಗೆ ಬಂತು. ನಮ್ಮ ಅಧಿಕಾರಿಗಳು ಅದರಲ್ಲಿ ‘ಖಾಲಿ ಜಮೀನು’ ಎಂದು ಬರೆಯಲು ಹೇಳಿದರು. ಬೀಳು ಎಂದು ಬರೆಯುತ್ತೇನೆ, ಖಾಲಿ ಎಂದು ಬರೆಯುವುದಿಲ್ಲ ಎಂದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಅವರು ನಕ್ಕರು. ನಾನು ನಗಲಿಲ್ಲ, ಬರೆಯಲೂ ಇಲ್ಲ. ನಕ್ಷೆಯನ್ನು ಬೇರೆಯವರಿಂದ ಮಾಡಿಸಿದರು. ಅದರಲ್ಲಿ ಒಡ್ಡಿನ ದಿಕ್ಕೇ ತಪ್ಪಿತ್ತು. ಕೆಲವೇ ವಾರಗಳಲ್ಲಿ ನನ್ನನ್ನು ಮಾನ್ವಿಗೆ ವರ್ಗ ಮಾಡಲಾಯಿತು. ಕಾರಣವಾಗಿ ಕಂಡದ್ದು ‘ಆಡಳಿತದ ಅನುಕೂಲ’. ಅನುಕೂಲ ಯಾರದೆಂದು ನಾನು ಇಂದಿಗೂ ಕೇಳಬಲ್ಲೆ, ಉತ್ತರಿಸುವವರಿಲ್ಲ.

ವರ್ಗಕ್ಕೆ ಮೊದಲೇ, ಹೇಳಿದ್ದಂತೆ ಮೂರನೆಯ ದಿನ, ಕಂಬಳಿ ಹಾಸಿದ್ದು ಕವಿತಾಳದ ಹೊರಗೆ, ಬೇವಿನ ಮರದ ಕೆಳಗೆ. ನಾನು ರಜೆ ಹಾಕಿ ಹೋದೆ. ಹಿರಿಯರು ಅರ್ಧ ಸುತ್ತು ಕುಳಿತಿದ್ದರು. ಅವರ ಬೆನ್ನ ಹಿಂದೆ ಉಳಿದ ಕುರಿಗಳು, ಇತರ ಹಿಂಡುಗಳ ಕುರಿಗಳ ಜೊತೆ ಮೇಯುತ್ತಿದ್ದವು. ಕುರುಬ ಕಂಬಳಿಯ ಅಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಕೋಲು ದಾಯಾದಿಯ ತೊಡೆಯ ಮೇಲಿತ್ತು. ನಾನು ಕಂಬಳಿಯ ಮೇಲೆ ಕೂರಲು ಹೋದಾಗ ದಾಯಾದಿ, “ಸರ್ಕಾರಿ ಮಂದಿಗೆ ಕುರ್ಚಿ ತರ್ರಿ, ಕಂಬಳಿ ಚುಚ್ಚತದ ಅವರಿಗೆ” ಎಂದ. ಕೆಲವರು ನಕ್ಕರು. ಕಂಬಳಿ ಚುಚ್ಚಿತು ನಿಜ, ನಾನು ಅಲ್ಲಾಡದೆ ಕುಳಿತೆ.

ಹಿಂದಿನ ದಿನ ಕುರುಬ ನನ್ನನ್ನು ಭೇಟಿಯಾಗಿದ್ದ. ನಾನು ಅವನಿಗೊಂದು ದಾರಿ ಸೂಚಿಸಿದ್ದೆ: ಓಡಲಿಲ್ಲವೆಂಬುದನ್ನು ಹೇಳೋಣ, ಕಪ್ಪು ಕಂಡದ್ದನ್ನು ಯಾರೂ ಕೇಳುವುದಿಲ್ಲ. ಅವನು ಒಪ್ಪಲಿಲ್ಲ. “ಕಂಬಳಿ ಮ್ಯಾಲೆ ಅರ್ಧ ಹೇಳಂಗಿಲ್ರೀ. ಎರಡೂ ಹೇಳ್ರಿ.” ಹೀಗಾಗಿ ಎರಡೂ ಹೇಳಿದೆ. ವಿಮಾನದವನಿಗೆ ಕಂಡ ಕಪ್ಪು ತುಂಡು ಕೂಡಿ ನಿಂತ ಹಿಂಡು; ಹಿಂಡು ಕೂಡಬೇಕಾದರೆ ಕೂಗಿದವನು ಅಲ್ಲೇ ಇದ್ದಿರಬೇಕು; ಓಡುವವನು ಕೂಗುವುದಿಲ್ಲ. ಅವನನ್ನು ಒಡ್ಡಿನಾಚೆ ಎಸೆದದ್ದು ಸ್ಫೋಟದ ಗಾಳಿ.

ಹಿರಿಯರು ತಲೆದೂಗಿದರು. ಓಡಿಹೋದನೆಂಬ ಮಾತು ಅಲ್ಲಿಗೆ ಸತ್ತಿತು. ದಾಯಾದಿ ಸೋಲುವವನಲ್ಲ.

“ಓಡಿಲ್ಲ, ಖರೆ. ಹಂಗಾರ ಇನ್ನೂ ಕೆಟ್ಟ ಆತು. ತೋಳಕ್ಕೂ ಇಮಾನಕ್ಕೂ ಫರಕು ತಿಳೀದಾಂವ. ಹರವಿ ಬಿಟ್ಟಿದ್ರ ಅರ್ಧ ಹಿಂಡರ ಉಳೀತಿತ್ತು. ಒಂದ ಗಳಿಗಿ ವಿಚಾರ ಮಾಡಬೇಕಿತ್ತೋ ಇಲ್ಲೋ?”

ಈ ಮಾತಿನಲ್ಲಿ ತೂಕವಿತ್ತು. ಕುರುಬನೂ ತಲೆ ಎತ್ತಲಿಲ್ಲ. ಅವನಿಗೆ ಅದು ಹೊಸ ಮಾತಲ್ಲ. ಒಬ್ಬೊಬ್ಬರಾಗಿ ಹಿರಿಯರು, ಹೌದು, ವಿಚಾರ ಮಾಡಬೇಕಿತ್ತು ಎನ್ನತೊಡಗಿದರು. ತಾವಾಗಿದ್ದರೆ ಕುರಿಗಳನ್ನು ಚದುರಿಸುತ್ತಿದ್ದೆವು ಎಂದೂ ಇಬ್ಬರು ಹೇಳಿದರು.

ಹಿಂಡಿನಲ್ಲಿ ಪಾಲಿದ್ದ ಒಬ್ಬ ವಿಧವೆ ಮುದುಕಿ, ಕಂಬಳಿಯಿಂದ ದೂರ, ಮರದ ಬೊಡ್ಡೆಯ ಹಿಂದೆ ಅಡಕೆ ಕುಟ್ಟುತ್ತ ಕುಳಿತಿದ್ದಳು. ಸತ್ತ ಕುರಿಗಳಲ್ಲಿ ಅವಳವೇ ಹೆಚ್ಚು. ಆದ್ದರಿಂದ ಅವಳು ಏನು ಹೇಳುತ್ತಾಳೆಂದು ಎಲ್ಲರೂ ಒಳಗೊಳಗೇ ಕಾದಿದ್ದರು. ಅವಳು ಎದ್ದಳು. ನೀರು ತಂದಿದ್ದ ತಗಡಿನ ಕೊಡವನ್ನು ಬರಿದು ಮಾಡಿ, ಎರಡೂ ಕೈಯಿಂದ ತಲೆಯ ಮೇಲೆತ್ತಿ, ಹಿರಿಯರ ಬೆನ್ನ ಹಿಂದಿನ ಬಂಡೆಗೆ ಅಪ್ಪಳಿಸಿದಳು.

ಸಿಡಿಲಿನಂಥ ಸದ್ದು. ಅದರ ಬೆನ್ನಿಗೇ, ಕುಳಿತಿದ್ದ ಅಷ್ಟೂ ಗಂಡಸರ ಗಂಟಲಿನಿಂದ ಒಂದೇ ಕೂಗು ಹೊರಟಿತು: “ಟ್ರುರ್ರ್ ಹೋ!” ಮುಪ್ಪಿನ ಹಿರಿಯನಿಂದ ಹಿಡಿದು ಎಲ್ಲರೂ ಎದ್ದು ನಿಂತು, ತೋಳು ಚಾಚಿ ಒಳಗೆ ತಂದಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ದಾಯಾದಿ; ಕೋಲು ಅವನ ತೊಡೆಯಿಂದ ಉರುಳಿ ಮಣ್ಣಿಗೆ ಬಿದ್ದಿತ್ತು. ಬಯಲಿನಲ್ಲಿ ಹರಡಿದ್ದ ಕುರಿಗಳು ಓಡಿಬಂದು ಒಂದೇ ಕರಿ ಮುದ್ದೆಯಾದವು.

ಮುದುಕಿ ಜಜ್ಜಿದ ಕೊಡವನ್ನು ಎತ್ತಿಕೊಂಡಳು.

“ಈಗ ಹೇಳ್ರೆಪಾ, ಯಾವಾಂವ ವಿಚಾರ ಮಾಡಿ ಕೂಗಿದ್ರಿ? ನನ್ನ ಕೊಡ ಹೋತು, ಅದನ್ನ ಯಾರು ಕೊಡ್ತೀರಿ ಅದನ್ನೂ ಹೇಳ್ರಿ.”

ಮೊದಲು ನಕ್ಕವನು ಮುಪ್ಪಿನ ಹಿರಿಯ. ಆಮೇಲೆ ಬೇರೆಯವರು. ದಾಯಾದಿ ನಗಲಿಲ್ಲ. ಬಾಗಿ ಕೋಲನ್ನು ಎತ್ತಿ, ಮಣ್ಣು ಒರೆಸಿ, ಕುರುಬನ ಕಡೆ ನೋಡದೆಯೇ ಅದನ್ನು ಕಂಬಳಿಯ ಮೇಲೆ ಅವನ ಮುಂದೆ ಇಟ್ಟ. ಕುರುಬ ಅದನ್ನು ಮುಟ್ಟಲು ಬಹಳ ಹೊತ್ತು ತೆಗೆದುಕೊಂಡ. ಉಳಿದ ಕುರಿಗಳ ಹಿಂದೆ ಅವನೇ ಹೋಗಬೇಕೆಂದು ತೀರ್ಮಾನವಾಯಿತು. ಪಾಲುದಾರರ ಮನೆಗಳು ಮರಿಗಳನ್ನು ಕೂಡಿಸಿ ಹಿಂಡನ್ನು ಮತ್ತೆ ಬೆಳೆಸುವುದೆಂದೂ ಆಯಿತು. ನನಗೆ ಅಲ್ಲಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ದಾಯಾದಿ ನನ್ನ ಎದುರಿಗೇ ಉಂಡ, ಕುರ್ಚಿಯ ಮಾತಿಗೆ ಕ್ಷಮೆ ಕೇಳಲಿಲ್ಲ.

ಮಾನ್ವಿಯಲ್ಲಿ ನಾನು ಹಲವು ವರ್ಷ ಇದ್ದೆ. ಕಾಲುವೆಯ ನೀರು ಬಂದು ಅಲ್ಲಿ ಭತ್ತದ ಗದ್ದೆಗಳಾಗಿದ್ದವು. ಸುಗ್ಗಿ ಮುಗಿದ ಮೇಲೆ ಆ ಗದ್ದೆಗಳಲ್ಲಿ ಕುರಿ ತರುಬಲು ಕುರುಬರು ಬರುತ್ತಿದ್ದರು. ಒಂದು ವರ್ಷ ಅವನೂ ಬಂದ. ಹಿಂಡು ದೊಡ್ಡದಾಗಿತ್ತು. ನಾನು ಕಾಲುವೆಯ ಬದಿಯಲ್ಲಿ ಅಳತೆ ನಡೆಸುತ್ತಿದ್ದೆ. ಅವನು ಏರಿಯ ಮೇಲೆ ನಿಂತು ಹಳೆಯದನ್ನು ಮಾತನಾಡಿದ. ಆ ದಿನದಿಂದ ತನ್ನ ಗಂಟಲನ್ನು ತಿದ್ದಲು ನೋಡುತ್ತಿದ್ದೇನೆ ಎಂದ. ವಿಮಾನದ ಸದ್ದಾದರೆ ಕುರಿಗಳನ್ನು ಚದುರಿಸುವ ಕೂಗನ್ನು ಹಾಕಬೇಕೆಂದು ದಿನಾ ಬೆಳಿಗ್ಗೆ ಹಿಂಡು ಬಿಡುವ ಮುನ್ನ ತಾನೊಬ್ಬನೇ ಅಭ್ಯಾಸ ಮಾಡುತ್ತಾನಂತೆ. ಬೇರೆ ಕುರುಬರು ಅವನನ್ನು ಹುಚ್ಚನೆಂದು ಆಡಿಕೊಳ್ಳುತ್ತಿದ್ದರಂತೆ. ಮಂಚದ ಮೇಲಿದ್ದ ಆ ಹುಡುಗನ ಕಾಲು ನೆಟ್ಟಗಾಯಿತೋ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ, ನನಗೂ ಅದೇ ಪ್ರಶ್ನೆಯಿತ್ತು.

ನಾವು ಮಾತನಾಡುತ್ತಿರುವಾಗಲೇ ತುಂಗಭದ್ರೆಯ ಕಡೆಯಿಂದ ಒಂದು ಯುದ್ಧವಿಮಾನ ತೀರ ಕೆಳಗೆ ಹಾದುಹೋಯಿತು. ಸದ್ದು ಎದೆಯೊಳಗೆ ನುಗ್ಗಿತು.

“ಟ್ರುರ್ರ್ ಹೋ” ಎಂದ ಅವನು. ತೋಳುಗಳು ಎದೆಗೆ ಬಂದಿದ್ದವು. ಗದ್ದೆಯ ತುಂಬ ಹರಡಿದ್ದ ಹಿಂಡು ಗಳಿಗೆಯಲ್ಲಿ ಕೂಡಿ ಕಪ್ಪಾಯಿತು. ವಿಮಾನ ರಾಯಚೂರಿನ ದಿಕ್ಕಿಗೆ ಸಣ್ಣದಾಗುತ್ತ ಹೋಯಿತು.

ಅವನು ತನ್ನ ತೋಳುಗಳನ್ನು ನೋಡಿಕೊಂಡು ಕೆಳಗಿಳಿಸಿದ. “ನೋಡ್ರಿ,” ಎಂದ, “ಈ ಗಂಟಲ ನನ್ನ ಮಾತ ಕೇಳಂಗಿಲ್ಲ.”

ಸಹಾಯಕ ದೂರದಲ್ಲಿ ಸರಪಳಿ ಬಿಟ್ಟು ಕಿವಿ ಮುಚ್ಚಿಕೊಂಡು ಕುಳಿತಿದ್ದ. ಅವನನ್ನು ಬೈಯಲು ನಾನು ಕೈ ಎತ್ತಹೋದೆ, ಕೈ ಏಳಲಿಲ್ಲ. ಸರಪಳಿಯ ತುದಿಯ ಹಿತ್ತಾಳೆ ಹಿಡಿಕೆಯನ್ನು ನನ್ನ ಎರಡೂ ಕೈಗಳು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದವು. ಕುರುಬ ಅದನ್ನು ನೋಡಿದ. ಹಿಂಡಿನ ಕಡೆ ತಿರುಗಿ, ಹರಡಿ ಮೇಯಲು ಬಿಡುವ ಮೆಲುದನಿಯಲ್ಲಿ ಕುರಿಗಳನ್ನು ಕರೆಯುತ್ತ ಏರಿಯಿಂದ ಇಳಿದ.